ಕಾಲುನೋವಿನ ಮಾತ್ರೆ ದವಡೆಯ ಗಾಯಕ್ಕೇಕೆ?

ಮಲೆನಾಡಿನ ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನನ್ನ ತಂದೆಗೆ 61 ವರ್ಷ. ಮೂರು ವರ್ಷದ ಹಿಂದೆ ಬಾಯಿಯ ಕ್ಯಾನ್ಸರಿಗೆ ಆಪರೇಷನ್ ಆಗಿ, ಆಮೇಲೆ ಕರೆಂಟ್ ಚಿಕಿತ್ಸೆಯೂ ಆಯಿತು. ಗುಣವಾದರು. ಕಳೆದ ವರ್ಷ ಕೆಳದವಡೆಯ ಹುಳುಕು ಹಲ್ಲೊಂದನ್ನು ಊರಿನಲ್ಲೇ ಕೀಳಿಸಿದೆವು. ಆ ಗುಳಿ ಇನ್ನೂ ಮಾಯ್ದಿಲ್ಲ, ಒಳಗೆ ಮೂಳೆ ಕಾಣುತ್ತದೆ. ಆಸ್ಪತ್ರೆಯಲ್ಲಿ ತುಣುಕು ತೆಗೆದು ಪರೀಕ್ಷಿಸಿ, ಕ್ಯಾನ್ಸರ್ ಮರುಕಳಿಸಿಲ್ಲ ಎಂದರು. ಎರಡು ಬಗೆಯ ಮಾತ್ರೆ ಬರೆದುಕೊಟ್ಟರು. ಔಷಧದಂಗಡಿಯವರು ಚೀಟಿ ನೋಡಿ 'ಇದು ಕಾಲಿನ ರಕ್ತಸಂಚಾರದ ಮಾತ್ರೆಯಲ್ಲವೇ? ಇನ್ನೊಂದು ಬರೀ ವಿಟಮಿನ್' ಎಂದರು. ಎರಡು ತಿಂಗಳು ಕೊಟ್ಟೆವು. ಏನೂ ವ್ಯತ್ಯಾಸವಿಲ್ಲ. ನಿಲ್ಲಿಸಬಹುದೇ? ನಮ್ಮ ಸಂಬಂಧಿಕರೊಬ್ಬರು, ಇವು ಕ್ಯಾನ್ಸರಿಗೆ ಒಳ್ಳೆಯದಂತೆ ಎಂದು, ಈಗಷ್ಟೇ ಕರೆಂಟ್ ಶುರುವಾಗಿರುವ ತಮ್ಮ ಪತ್ನಿಗೂ ಅವೇ ಎರಡನ್ನು ತಂದಿಟ್ಟಿದ್ದಾರೆ."

ಒಂದೇ ಮನೆತನದಲ್ಲಿ, ಒಂದೇ ಮಾತ್ರೆಯ ಬಗ್ಗೆ ಎರಡು ತಪ್ಪುಗಳು ಒಟ್ಟಿಗೇ ಆಗುವ ಹಾಗಿದೆ. ಬೇಕಾದವರು ಬಿಡಲು ಹೊರಟಿದ್ದಾರೆ; ಬೇಡದವರು ಶುರುಮಾಡಲು ಹೊರಟಿದ್ದಾರೆ. ಅಂಗಡಿಯವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆ ಮಾತ್ರೆ ಹುಟ್ಟಿದ್ದು ಕಾಲಿಗಾಗಿಯೇ. ಅದು ದವಡೆಗೆ ಬಂದ ದಾರಿಯನ್ನು ತಿಳಿದರೆ ಎರಡೂ ತಪ್ಪುಗಳು ತಪ್ಪುತ್ತವೆ.

ಕಾಫಿಯ ದಾಯಾದಿ

ಮಾತ್ರೆಯ ಹೆಸರು ಪೆಂಟಾಕ್ಸಿಫಿಲಿನ್. ಟ್ರೆಂಟಾಲ್ ಎಂಬ ವ್ಯಾಪಾರನಾಮ ಹೆಚ್ಚು ಪರಿಚಿತ. ಕಾಫಿಯಲ್ಲಿರುವ ಕೆಫೀನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಕೋಕೋದಲ್ಲಿರುವ ಥಿಯೋಬ್ರೋಮಿನ್ ಇವೆಲ್ಲ ಒಂದೇ ರಾಸಾಯನಿಕ ಕುಟುಂಬದವು. ಪೆಂಟಾಕ್ಸಿಫಿಲಿನ್ ಅದೇ ಕುಟುಂಬದಲ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ್ದು. 1972ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. 1984ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು.

ಬೀಡಿ ಸಿಗರೇಟು ಸೇದುವವರಲ್ಲಿ, ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಕಾಲಿನ ರಕ್ತನಾಳಗಳು ಕಿರಿದಾಗುತ್ತವೆ. ನೂರಿನ್ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ಈ ಮಾತ್ರೆ ಅಂಥವರಿಗಾಗಿ. ನಮ್ಮ ಕೆಂಪು ರಕ್ತಕಣದ ಅಗಲ ಸುಮಾರು 7ರಿಂದ 8 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ಏಳೆಂಟು ಪಾಲು. ಅತಿ ಸಣ್ಣ ಲೋಮನಾಳಗಳು ಅದಕ್ಕಿಂತಲೂ ಕಿರಿದು. ರಕ್ತಕಣ ಮಡಚಿಕೊಂಡು, ಬಾಗಿ, ನುಸುಳಬೇಕು. ಪೆಂಟಾಕ್ಸಿಫಿಲಿನ್ ಈ ಕಣಗಳ ಬಾಗುವ ಗುಣವನ್ನು ಹೆಚ್ಚಿಸುತ್ತದೆ, ರಕ್ತದ ಮಂದತನವನ್ನು ತಗ್ಗಿಸುತ್ತದೆ ಎಂಬುದೇ ಅದರ ಕೀರ್ತಿಗೆ ಕಾರಣ.

ಆ ಕೀರ್ತಿ ಉಳಿಯಲಿಲ್ಲ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ 698 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ಕೆಲವರಿಗೆ ಸಿಲೋಸ್ಟಜಾಲ್ ಎಂಬ ಬೇರೆ ಮಾತ್ರೆ, ಕೆಲವರಿಗೆ ಪೆಂಟಾಕ್ಸಿಫಿಲಿನ್, ಉಳಿದವರಿಗೆ ಔಷಧವೇ ಇಲ್ಲದ ಸಪ್ಪೆ ಮಾತ್ರೆ. 24 ವಾರಗಳ ನಂತರ ನಡೆಸಿ ನೋಡಿದರೆ, ಪೆಂಟಾಕ್ಸಿಫಿಲಿನ್ ತೆಗೆದುಕೊಂಡವರೂ ಸಪ್ಪೆ ಮಾತ್ರೆಯವರೂ ಒಂದೇ ಸಮ. 2016ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು, ಈ ಕಾಲುನೋವಿಗೆ ಇದು ಪ್ರಯೋಜನಕಾರಿಯಲ್ಲ ಎಂದೇ ಬರೆದವು. ಯಾವ ಕೆಲಸಕ್ಕೆಂದು ನೇಮಕವಾಗಿತ್ತೋ ಆ ಕೆಲಸದಲ್ಲೇ ನಪಾಸು.

ಆದರೆ ಅಷ್ಟರಲ್ಲಿ ಅದರ ಇನ್ನೊಂದು ಗುಣ ಬೆಳಕಿಗೆ ಬಂದಿತ್ತು. 1980ರ ದಶಕದ ಕೊನೆಯ ವೇಳೆಗೆ, ಈ ಔಷಧ ಟಿ.ಎನ್.ಎಫ್. ಎಂಬ ವಸ್ತುವಿನ ಉತ್ಪತ್ತಿಯನ್ನು ತಗ್ಗಿಸುತ್ತದೆಂದು ಗೊತ್ತಾಯಿತು. ಆ ಅಕ್ಷರಗಳನ್ನು ಬಿಡಿಸಿದರೆ 'ಗಡ್ಡೆಯನ್ನು ಸಾಯಿಸುವ ಅಂಶ' ಎಂಬ ಅರ್ಥ ಬರುತ್ತದೆ. ಹೆಸರು ಕೇಳಿ ಮೋಸಹೋಗಬಾರದು. ದೇಹದಲ್ಲಿ ಅದರ ಮುಖ್ಯ ಕೆಲಸ ಉರಿಯೂತ ಎಬ್ಬಿಸುವುದು, ಎಬ್ಬಿಸಿದ್ದನ್ನು ಆರದಂತೆ ಕಾಯುವುದು. ಆರದ ಉರಿಯೂತ ಎಲ್ಲೆಲ್ಲಿ ತೊಂದರೆ ಕೊಡುತ್ತದೋ ಅಲ್ಲೆಲ್ಲ ಈ ಹಳೆಯ ಮಾತ್ರೆಯನ್ನು ವೈದ್ಯರು ಪ್ರಯತ್ನಿಸಿ ನೋಡತೊಡಗಿದರು.

ಕರೆಂಟ್ ಮುಗಿದ ಮೇಲೂ ಮುಗಿಯದ ಕೆಲಸ

ಜನ ಕರೆಂಟ್ ಕೊಡುವುದು ಎನ್ನುತ್ತಾರೆ. ಅದು ವಿದ್ಯುತ್ತಲ್ಲ, ವಿಕಿರಣ. ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಈ ಕಿರಣ ಸುತ್ತಲಿನ ಒಳ್ಳೆಯ ಅಂಗಾಂಶವನ್ನೂ ತಾಕದೆ ಬಿಡುವುದಿಲ್ಲ. ಚಿಕಿತ್ಸೆಯ ವಾರಗಳಲ್ಲಿ ಬಾಯಿ ಹುಣ್ಣಾಗುವುದು, ಚರ್ಮ ಕಪ್ಪಾಗುವುದು ಎಲ್ಲರಿಗೂ ಕಾಣುತ್ತದೆ, ಕ್ರಮೇಣ ವಾಸಿಯೂ ಆಗುತ್ತದೆ. ಕಾಣದ ಹಾನಿ ನಿಧಾನದ್ದು. ಗಾಯವಾದಾಗ ಅದನ್ನು ತುಂಬಲು ನಾರಿನಂಥ ಕೊಲಾಜೆನ್ ಹೆಣೆಯುವ ಕಣಗಳು ನಮ್ಮಲ್ಲಿವೆ. ಗಾಯ ಮುಚ್ಚಿದ ಕೂಡಲೇ ಅವು ಕೈ ತೊಳೆದುಕೊಳ್ಳಬೇಕು. ವಿಕಿರಣ ತಾಗಿದ ಕಡೆ ಕೆಲವರಲ್ಲಿ ಅವು ಕೈ ತೊಳೆದುಕೊಳ್ಳುವುದೇ ಇಲ್ಲ. ಮನೆ ಕಟ್ಟಿ ಮುಗಿದ ಮೇಲೂ ಗೋಡೆಯ ಮೇಲೆ ಗೋಡೆ ಎಬ್ಬಿಸುತ್ತಲೇ ಇರುವ ಗಾರೆಯವನ ಹಾಗೆ, ತಿಂಗಳುಗಟ್ಟಲೆ ವರ್ಷಗಟ್ಟಲೆ ನಾರು ಹೆಣೆಯುತ್ತವೆ. ಚರ್ಮ ಹಲಗೆಯಂತೆ ಗಡುಸಾಗುತ್ತದೆ. ಕುತ್ತಿಗೆ ತಿರುಗುವುದಿಲ್ಲ, ಬಾಯಿ ಅಗಲವಾಗುವುದಿಲ್ಲ. ಸಣ್ಣ ರಕ್ತನಾಳಗಳು ಈ ನಾರಿನೊಳಗೆ ಹಿಂಡಿಹೋಗುತ್ತವೆ.

ಕೆಳದವಡೆಗೆ ಇದರಿಂದ ವಿಶೇಷ ಪೆಟ್ಟು. ಅದು ಗಟ್ಟಿ ಮೂಳೆ; ಮೇಲ್ದವಡೆಯಷ್ಟು ರಕ್ತಸಮೃದ್ಧಿ ಅದಕ್ಕಿಲ್ಲ. ಹೇಗೋ ದಿನ ತಳ್ಳುತ್ತಿರುವ ಅಂಥ ಮೂಳೆಯಿಂದ ಹಲ್ಲು ಕಿತ್ತಾಗ, ಗಾಯ ಮಾಯಿಸುವ ಶಕ್ತಿ ಅದಕ್ಕೆ ಸಾಲುವುದಿಲ್ಲ. ಗುಳಿ ತೆರೆದೇ ಉಳಿಯುತ್ತದೆ, ಮೂಳೆ ಸಾಯುತ್ತದೆ, ಕೀವು ಒಸರುತ್ತದೆ. ಕೆಲವರಲ್ಲಿ ಕೆನ್ನೆಗೇ ತೂತು ಬಿದ್ದು, ದವಡೆ ಮುರಿಯುವುದೂ ಉಂಟು. ಕ್ಯಾನ್ಸರನ್ನು ಗೆದ್ದವರು ಅನ್ನ ಅಗಿಯಲಾರದೆ ಸೋಲುವ ಸ್ಥಿತಿ ಇದು.

ಇದಕ್ಕೆ ಮೂಲ ಕಾರಣ ಆಮ್ಲಜನಕದ ಕೊರತೆ ಎಂದು ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ 1983ರಲ್ಲಿ ವಾದಿಸಿದರು. ರೋಗಿಯನ್ನು ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಉಸಿರಾಡಿಸುವ ದುಬಾರಿ ಚಿಕಿತ್ಸೆ ಆ ವಾದದ ಬಲದಿಂದ ಹಬ್ಬಿತು. 2004ರಲ್ಲಿ ಫ್ರಾನ್ಸಿನಲ್ಲಿ 68 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ, ಒಂದು ವರ್ಷದ ಕೊನೆಗೆ ಆಮ್ಲಜನಕದ ಗುಂಪಿನಲ್ಲಿ ಗುಣವಾದವರು ಶೇ. 19, ಹುಸಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 32! ಆಮ್ಲಜನಕ ಒಂದೇ ಸಾಲದು, ನಾರು ಹೆಣೆಯುವ ಆ ಕೈಗಳನ್ನು ತಡೆಯಬೇಕು ಎಂಬ ಮಾತಿಗೆ ಆಗ ಬೆಲೆ ಬಂತು.

ಪ್ಯಾರಿಸಿನ ಜೋಡಿ ಮದ್ದು

ಆ ಮಾತನ್ನು ಹೇಳುತ್ತಿದ್ದವರು ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯ ವಿಕಿರಣ ತಜ್ಞೆ ಸಿಲ್ವಿ ಡೆಲಾನಿಯನ್ ಮತ್ತು ಅವರ ಸಹೋದ್ಯೋಗಿ ಜಾನ್ ಲೂಯಿ ಲೆಫೆ. ಪೆಂಟಾಕ್ಸಿಫಿಲಿನ್ ಜೊತೆಗೆ ವಿಟಮಿನ್ ಇ ಸೇರಿಸಿ ಕೊಟ್ಟರೆ ನಾರುಗಟ್ಟಿದ ಅಂಗಾಂಶ ಮೆತ್ತಗಾಗುತ್ತದೆಂದು 1999ರಲ್ಲಿ ಅವರು ಪ್ರಕಟಿಸಿದರು. ಒಂದು ಉರಿಯೂತವನ್ನು ತಗ್ಗಿಸಿದರೆ ಇನ್ನೊಂದು ಅಂಗಾಂಶವನ್ನು ಸುಡುವ ಆಮ್ಲಜನಕದ ಪುಂಡ ಕಣಗಳನ್ನು ಹಿಡಿದುಹಾಕುತ್ತದೆ ಎಂಬುದು ವಿವರಣೆ.

2003ರಲ್ಲಿ ಇದನ್ನು ಸಪ್ಪೆ ಮಾತ್ರೆಯೊಡನೆ ಹೋಲಿಸಿದರು. ಸ್ತನ ಕ್ಯಾನ್ಸರಿಗೆ ವಿಕಿರಣ ಪಡೆದು ಎದೆಯ ಭಾಗ ಗಡುಸಾಗಿದ್ದ 24 ಮಹಿಳೆಯರು, ದಿನಕ್ಕೆ 800 ಮಿಲಿಗ್ರಾಂ ಪೆಂಟಾಕ್ಸಿಫಿಲಿನ್, 1000 ಯೂನಿಟ್ ವಿಟಮಿನ್ ಇ, ಆರು ತಿಂಗಳು. ಜೋಡಿ ಮದ್ದು ಪಡೆದವರಲ್ಲಿ ಗಡುಸಾದ ಜಾಗದ ವಿಸ್ತಾರ ಸರಾಸರಿ ಶೇ. 60ರಷ್ಟು ಇಳಿಯಿತು. ಸಪ್ಪೆ ಮಾತ್ರೆಯವರಲ್ಲಿ ಶೇ. 43ರಷ್ಟು. ಎರಡನೆಯ ಅಂಕಿಯನ್ನು ಇನ್ನೊಮ್ಮೆ ಓದಿ. ಏನೂ ಕೊಡದಿದ್ದರೂ ಅಷ್ಟು ಇಳಿದಿತ್ತು. ಇಂಥ ಹೋಲಿಕೆ ಇಲ್ಲದಿದ್ದರೆ ಶೇ. 60ನ್ನೂ ಮದ್ದಿನ ಖಾತೆಗೇ ಬರೆದುಬಿಡುತ್ತಿದ್ದೆವು. 'ನಮ್ಮ ಪಕ್ಕದ ಮನೆಯವರಿಗೆ ಗುಣವಾಯಿತು' ಎಂಬ ಸಾಕ್ಷಿಯನ್ನು ವೈದ್ಯರು ಏಕೆ ನಂಬುವುದಿಲ್ಲ ಎಂದು ಮುನಿಸಿಕೊಳ್ಳುವವರು ಈ ಲೆಕ್ಕವನ್ನು ನೆನಪಿಡಬೇಕು.

ಎಲ್ಲ ಕಡೆ ಫಲ ಸಿಕ್ಕಿತೆಂದೂ ಅಲ್ಲ. 2004ರಲ್ಲಿ ಇಂಗ್ಲೆಂಡಿನ ವೈದ್ಯರು, ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ತೋಳು ಊದಿಕೊಂಡಿದ್ದ 68 ರೋಗಿಗಳಲ್ಲಿ ಇದೇ ಜೋಡಿಯನ್ನು ಪ್ರಯತ್ನಿಸಿ, ಸಪ್ಪೆ ಮಾತ್ರೆಗಿಂತ ಹೆಚ್ಚೇನೂ ಕಾಣಲಿಲ್ಲ ಎಂದರು. ಆದ್ದರಿಂದ ತೋಳಿನ ಊತಕ್ಕೆ ಇದನ್ನು ಕೇಳಿ ಪಡೆಯುವುದರಲ್ಲಿ ಅರ್ಥವಿಲ್ಲ.

ದವಡೆಯ ಮೂಳೆಯಲ್ಲಿ ಮಾತ್ರ ಫಲಿತಾಂಶ ಬೇರೆ. 2011ರಲ್ಲಿ ಡೆಲಾನಿಯನ್ ತಂಡ 54 ರೋಗಿಗಳ ವರದಿ ಕೊಟ್ಟಿತು. ಬೇರೆ ಚಿಕಿತ್ಸೆಗೆ ಬಗ್ಗದ ಗಾಯಗಳವು. ಜೋಡಿ ಮದ್ದಿಗೆ ಮೂಳೆಯ ಔಷಧವಾದ ಕ್ಲೋಡ್ರೋನೇಟನ್ನು ಸೇರಿಸಿ, ನಡುನಡುವೆ ಸ್ಟೀರಾಯ್ಡ್ ಮತ್ತು ಆ್ಯಂಟಿಬಯಾಟಿಕ್ ಕೊಟ್ಟರು. ಗಾಯ ಮುಚ್ಚಲು ಸರಿಸುಮಾರು ಒಂಬತ್ತು ತಿಂಗಳು ಹಿಡಿಯಿತು. ಹೋಲಿಕೆಗೆ ಎರಡನೆಯ ಗುಂಪು ಇಲ್ಲದಿರುವುದು ಈ ವರದಿಯ ದೊಡ್ಡ ಕೊರತೆ. ಆದರೂ ವರ್ಷಗಟ್ಟಲೆ ತೆರೆದಿದ್ದ ಮೂಳೆ ತಾನಾಗಿ ಮುಚ್ಚಿಕೊಳ್ಳುವುದು ಅಪರೂಪವಾದ್ದರಿಂದ ತಜ್ಞರು ಅದನ್ನು ತಳ್ಳಿಹಾಕಲಿಲ್ಲ. 2024ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಮತ್ತು ಅದರೊಡನೆ ಸೇರಿದ ಅಂತಾರಾಷ್ಟ್ರೀಯ ಸಂಘಗಳು ಹೊರಡಿಸಿದ ಮಾರ್ಗಸೂಚಿಯಲ್ಲಿ, ಇಂಥ ದವಡೆಗೆ ಪೆಂಟಾಕ್ಸಿಫಿಲಿನನ್ನು ಬಳಸಬಹುದು, ವಿಟಮಿನ್ ಇ ಮೊದಲಾದವುಗಳ ಜೊತೆ ಕೊಟ್ಟರೆ ಫಲ ಹೆಚ್ಚು ಎಂದಿದೆ. ಸಾಕ್ಷ್ಯ ಬಲವಾಗಿಲ್ಲವೆಂದೂ ಒಪ್ಪಿಕೊಂಡಿದೆ. ಅದರಲ್ಲೊಂದು ಷರತ್ತಿದೆ: ರೋಗಿ ಕ್ಯಾನ್ಸರಿನಿಂದ ಮುಕ್ತನಾಗಿರಬೇಕು.

ಇಷ್ಟು ವರ್ಷವಾದರೂ ದೊಡ್ಡ ಪ್ರಯೋಗಗಳು ಏಕೆ ಕಡಿಮೆ ಎಂದು ಕೇಳಬಹುದು. ಮಾತ್ರೆಯ ಪೇಟೆಂಟ್ ಎಂದೋ ಮುಗಿದಿದೆ. ಯಾವ ಕಂಪೆನಿ ಬೇಕಾದರೂ ಅಗ್ಗವಾಗಿ ತಯಾರಿಸಬಹುದು. ಆದ್ದರಿಂದಲೇ ಕೋಟಿಗಟ್ಟಲೆ ಖರ್ಚು ಮಾಡಿ ಪ್ರಯೋಗ ನಡೆಸಲು ಯಾವ ಕಂಪೆನಿಗೂ ಆಸಕ್ತಿಯಿಲ್ಲ. ಹಳೆಯ ಔಷಧಗಳಿಗೆ ಹೊಸ ಕೆಲಸ ಹುಡುಕುವ ದಾರಿಯಲ್ಲಿ ಇದೊಂದು ಮಾಮೂಲಿ ಅಡ್ಡಿ. ಸರ್ಕಾರದ ದುಡ್ಡೋ ದಾನಿಗಳ ದುಡ್ಡೋ ಬರಬೇಕು.

ಕರೆಂಟ್ ನಡೆಯುತ್ತಿರುವಾಗ?

ಈಗ ಸಂಬಂಧಿಕರ ಪತ್ನಿಯ ವಿಷಯ. ಪೆಂಟಾಕ್ಸಿಫಿಲಿನ್ ಕ್ಯಾನ್ಸರಿಗೇ ಒಳ್ಳೆಯದು ಎಂಬ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಆಮ್ಲಜನಕ ಚೆನ್ನಾಗಿ ದೊರೆಯುವ ಕಣಗಳು ವಿಕಿರಣಕ್ಕೆ ಬೇಗ ಸಾಯುತ್ತವೆ. ಆಮ್ಲಜನಕವಿಲ್ಲದ ಕಣಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕು. ಇಂಗ್ಲೆಂಡಿನ ಲೂಯಿ ಹೆರಾಲ್ಡ್ ಗ್ರೇ ಮತ್ತು ಸಂಗಡಿಗರು 1953ರಲ್ಲೇ ಇದನ್ನು ತೋರಿಸಿದರು. ವಿಕಿರಣವನ್ನು ಅಳೆಯುವ ಮಾನಕ್ಕೆ ಇಂದು ಅವರ ಹೆಸರೇ ಇದೆ. ರಕ್ತ ಸರಾಗವಾಗಿ ಹರಿಯುವಂತೆ ಮಾಡಿದರೆ ಗಡ್ಡೆಗೆ ಆಮ್ಲಜನಕ ಹೆಚ್ಚು ಸಿಕ್ಕಿ, ವಿಕಿರಣದ ಏಟು ಜೋರಾಗಿ ಬೀಳಬೇಕಲ್ಲವೇ? ಇಲಿಗಳಲ್ಲಿ ಹಾಗೆ ಆದದ್ದುಂಟು. ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳಲ್ಲೂ ಪ್ರಯತ್ನಗಳಾದವು. ಇದರಿಂದ ಆಯುಷ್ಯ ಹೆಚ್ಚುತ್ತದೆಂದು ಸಿದ್ಧವಾಗಿಲ್ಲ. ಕ್ಯಾನ್ಸರನ್ನು ಕೊಲ್ಲುವ ಮದ್ದಂತೂ ಇದಲ್ಲ.

ಹೆಚ್ಚಿನ ಆತಂಕ ಜೊತೆಯ ವಿಟಮಿನ್ ಬಗ್ಗೆ. 'ಬರೀ ವಿಟಮಿನ್' ಎಂಬ ಮಾತು ನನಗೆ ಹಿಡಿಸುವುದಿಲ್ಲ. ಆರೋಗ್ಯವಂತರಿಗೆ ದಿನಕ್ಕೆ ಬೇಕಾದ ವಿಟಮಿನ್ ಇ ಸುಮಾರು 15 ಮಿಲಿಗ್ರಾಂ, ಶೇಂಗಾ, ಎಣ್ಣೆಗಳಿಂದ ದೊರೆಯುವಂಥದ್ದು. 1000 ಯೂನಿಟ್ ಎಂದರೆ ಅದರ ನಲವತ್ತು ಪಟ್ಟಿಗೂ ಹೆಚ್ಚು. ವಿಕಿರಣ ಕ್ಯಾನ್ಸರ್ ಕಣವನ್ನು ಕೊಲ್ಲುವುದು ಬಹುಮಟ್ಟಿಗೆ ಆ ಪುಂಡ ಕಣಗಳ ಮೂಲಕವೇ. ವಿಕಿರಣ ನಡೆಯುತ್ತಿರುವಾಗಲೇ ಅವನ್ನು ಹಿಡಿದುಹಾಕುವ ಮದ್ದು ಕೊಟ್ಟರೆ ಕಳ್ಳನಿಗೂ ಕವಚ ತೊಡಿಸಿದಂತಾಗಬಹುದು. ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ 540 ರೋಗಿಗಳ ಮೇಲೆ ಪ್ರಯೋಗ ನಡೆದಿತ್ತು. ಒಂದು ಗುಂಪಿಗೆ ವಿಕಿರಣದ ಮೊದಲ ದಿನದಿಂದಲೇ 400 ಯೂನಿಟ್ ವಿಟಮಿನ್ ಇ. ಮೊದಮೊದಲು ಬೀಟಾ ಕ್ಯಾರೊಟೀನ್ ಕೂಡ ಇತ್ತು. 2005ರ ವರದಿಯಂತೆ, ಅದನ್ನು ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಎರಡನೆಯ ಹೊಸ ಕ್ಯಾನ್ಸರ್ ಹೆಚ್ಚು ಕಾಣಿಸಿತು. 2006ರ ವರದಿಯಲ್ಲಿ ಸಾವಿನ ಪ್ರಮಾಣವೂ ಆ ಗುಂಪಿನಲ್ಲೇ ಹೆಚ್ಚು. ಆರೋಗ್ಯವಂತ ಗಂಡಸರಲ್ಲಿ ಸಹ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರನ್ನು ಶೇ. 17ರಷ್ಟು ಹೆಚ್ಚಿಸಿತೆಂದು 2011ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು.

ಹಾಗಾಗಿ ಆ ಮಾತ್ರೆಗಳ ಡಬ್ಬಿ ಬೀರುವಿನಲ್ಲೇ ಇರಲಿ. ಆಸ್ಪತ್ರೆಗೆ ಒಯ್ದು ವೈದ್ಯರಿಗೆ ತೋರಿಸಿದರೆ ಇನ್ನೂ ಒಳ್ಳೆಯದು.

ಕೊಡುವ ಮೊದಲು ಹೇಳಬೇಕಾದ್ದು

ಪೆಂಟಾಕ್ಸಿಫಿಲಿನನ್ನು ಊಟದ ಜೊತೆ ನುಂಗಬೇಕು. ಸಾಮಾನ್ಯವಾಗಿ ಸಿಗುವ 400 ಮಿಲಿಗ್ರಾಂ ಮಾತ್ರೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವಂಥದ್ದು. ಅದನ್ನು ಕುಟ್ಟಿ ಪುಡಿಮಾಡಬಾರದು, ಅಗಿಯಬಾರದು. ಬಾಯಿ ತೆರೆಯಲಾಗದ ರೋಗಿಗೆ ಮನೆಯವರು ಮಾತ್ರೆಯನ್ನು ಪುಡಿಮಾಡಿ ಮಜ್ಜಿಗೆಯಲ್ಲಿ ಕಲಸುವುದು ನಮ್ಮಲ್ಲಿ ಸಾಮಾನ್ಯ. ಇದಕ್ಕೆ ಅದು ಸಲ್ಲದು. ಇಡೀ ಔಷಧ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ನುಂಗಲಾಗದಿದ್ದರೆ ವೈದ್ಯರಿಗೆ ಹೇಳಿ. ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆ ತೊಳಸುವುದು ಕಾಣಬಹುದು.

ಇತ್ತೀಚೆಗೆ ಮೆದುಳಿನಲ್ಲಿ ಅಥವಾ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತಸ್ರಾವ ಆದವರಿಗೆ ಇದು ಕೂಡದು. ಕಾಫಿ ಅಥವಾ ಥಿಯೋಫಿಲಿನ್ ಒಗ್ಗದವರಿಗೂ ಅಷ್ಟೇ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರಲ್ಲಿ ರಕ್ತಸ್ರಾವದ ಭಯವಿದೆ. ಹೆಚ್ಚು ಪ್ರಮಾಣದ ವಿಟಮಿನ್ ಇ ಅದಕ್ಕೆ ಮತ್ತಷ್ಟು ಇಂಬು ಕೊಡುತ್ತದೆ. ಉಬ್ಬಸಕ್ಕೆ ಥಿಯೋಫಿಲಿನ್, ರಕ್ತದೊತ್ತಡದ ಮಾತ್ರೆ, ಇನ್ಸುಲಿನ್, ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಿ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ.

ಹಲ್ಲಿನ ಮಾತು

ಈ ಮಾತ್ರೆಯ ಅಗತ್ಯವೇ ಬೀಳದಂತೆ ನೋಡಿಕೊಳ್ಳುವ ಅವಕಾಶ ಹೆಚ್ಚಿನವರಿಗಿದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಎಂದು ತೀರ್ಮಾನವಾದ ಕೂಡಲೇ ದಂತವೈದ್ಯರನ್ನು ಕಾಣಬೇಕು. ಉಳಿಸಲಾಗದ ಹಲ್ಲುಗಳನ್ನು ವಿಕಿರಣ ಶುರುವಾಗುವುದಕ್ಕೆ ಕನಿಷ್ಠ ಎರಡು ವಾರ ಮೊದಲೇ ಕೀಳಿಸಿ, ಗಾಯ ಮಾಯಲು ಬಿಡಬೇಕು. ವಿಕಿರಣ ಮುಗಿದ ಮೇಲೆ ಲಾಲಾರಸ ಕಡಿಮೆಯಾಗಿ ಹಲ್ಲು ಬೇಗ ಹುಳುಕಾಗುತ್ತದೆ; ಫ್ಲೋರೈಡ್ ಲೇಪನ, ನಿಯಮಿತ ತಪಾಸಣೆ ಬೇಕು. ಆಮೇಲೆ ಹಲ್ಲು ನೋಯ್ದರೆ, ಕೀಳಿಸುವ ಮುನ್ನ "ನನಗೆ ಇಲ್ಲಿ ಕರೆಂಟ್ ಆಗಿದೆ" ಎಂದು ದಂತವೈದ್ಯರಿಗೆ ಹೇಳಲೇಬೇಕು. ಹತ್ತು ವರ್ಷ ಕಳೆದಿದ್ದರೂ ಹೇಳಬೇಕು. ಕ್ಯಾನ್ಸರ್ ಆಗಿತ್ತೆಂದು ಊರಿನಲ್ಲಿ ಗೊತ್ತಾಗಬಾರದು ಎಂಬ ಸಂಕೋಚದಿಂದ ಮುಚ್ಚಿಟ್ಟವರು ಇದ್ದಾರೆ. ಅವರ ದವಡೆ ಅದರ ಬೆಲೆ ತೆತ್ತಿದೆ.

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ ಎಂದು ಬರೆದರೆ ಬೆಳೆಗಾರ ಓದುಗರು ಮುನಿಯುತ್ತಾರೆ, ಬರೆಯದೆ ಇರಲಾರೆ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಕೆನ್ನೆಯ ಒಳಪದರ ವಿಕಿರಣವಿಲ್ಲದೆಯೇ ನಾರುಗಟ್ಟಿ, ಬಾಯಿಗೆ ಎರಡು ಬೆರಳೂ ಹಿಡಿಸದಂತಾಗುತ್ತದೆ. ಕ್ಯಾನ್ಸರಿನ ಮುನ್ಸೂಚನೆ ಅದು. ಅದಕ್ಕೂ ನಮ್ಮ ದೇಶದ ದಂತವೈದ್ಯರು ಪೆಂಟಾಕ್ಸಿಫಿಲಿನ್ ಪ್ರಯತ್ನಿಸಿ 2006ರಲ್ಲಿ 29 ಮಂದಿಯ ಸಣ್ಣ ಅಧ್ಯಯನವೊಂದರಲ್ಲಿ ಆಶಾದಾಯಕ ಫಲ ಕಂಡರು. ಬಾಯಲ್ಲಿ ಅಡಿಕೆ ಇಟ್ಟುಕೊಂಡೇ ಮಾತ್ರೆ ನುಂಗಿದರೆ ಏನೂ ಆಗದು.

ಪತ್ರ ಬರೆದವರಿಗೆ: ನಿಮ್ಮ ತಂದೆಯವರ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಕಾಲಿನ ಔಷಧ ಎಂಬ ಕಾರಣಕ್ಕಂತೂ ಬೇಡವೇ ಬೇಡ. ಎರಡು ತಿಂಗಳು ಇದಕ್ಕೆ ಏನೇನೂ ಸಾಲದು. ನಾರುಗಟ್ಟಿದ ಅಂಗಾಂಶ ಪೂರ್ತಿ ಮೆತ್ತಗಾಗಲು ಸುಮಾರು ಎರಡು ವರ್ಷ ಬೇಕಾಗಬಹುದು, ಬೇಗ ನಿಲ್ಲಿಸಿದವರಲ್ಲಿ ಮತ್ತೆ ಗಡುಸಾಗುವ ಅಪಾಯವಿದೆ ಎಂದು ಡೆಲಾನಿಯನ್ ತಂಡವೇ 2005ರಲ್ಲಿ ಬರೆದಿತ್ತು. ತಿಂಗಳಿಗೊಮ್ಮೆ, ಒಂದೇ ಬೆಳಕಿನಲ್ಲಿ, ಆ ಗುಳಿಯನ್ನು ನೋಡಿ ಎಷ್ಟು ಅಗಲ ಮೂಳೆ ಕಾಣುತ್ತಿದೆ, ಬಾಯಿಗೆ ಎಷ್ಟು ಬೆರಳು ಹಿಡಿಸುತ್ತದೆ ಎಂದು ಪುಸ್ತಕದಲ್ಲಿ ಬರೆದಿಡಿ. ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಹೊಸ ಗಡ್ಡೆ, ಜಾಸ್ತಿಯಾಗುವ ನೋವು, ತುಟಿ ಮರಗಟ್ಟುವುದು, ಕೆನ್ನೆಯಿಂದ ಕೀವು, ಇವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ. ಸತ್ತ ಮೂಳೆಯ ಚೂರು ಸಡಿಲವಾಗಿ ನಾಲಗೆಗೆ ತಾಗುವುದುಂಟು. ಅದನ್ನು ಮನೆಯಲ್ಲಿ ಚಿಮುಟ ಹಾಕಿ ಎಳೆಯಬೇಡಿ. ತಾನಾಗಿ ಉದುರಿದರೆ ಕಾಗದದಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ಯಿರಿ.